ಏನಕ್ಕೂ ಹೆದರದ ಮೂವತ್ತೊಂದು ಮಕ್ಕಳು

ಕನಕಪುರದಿಂದ ಕೋಡಿಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಶಾಲೆ ಇದೆ. ಹೆಸರಿನ ಕೊನೆಗೆ ‘ಇಂಟರ್‌ನ್ಯಾಷನಲ್’ ಎಂದಿದೆ. ಅಲ್ಲಿ ಓದುವ ಮಕ್ಕಳೆಲ್ಲ ಸುತ್ತಲಿನ ಹತ್ತು ಹನ್ನೆರಡು ಮೈಲಿಯೊಳಗಿನವರು, ಆದರೆ ಬೋರ್ಡಿನ ಮೇಲೆ ಏನು ಬರೆಸಿದರೂ ಕೇಳುವವರು ಯಾರು? ಆ ಶಾಲೆಯ ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ತಿಮ್ಮಮ್ಮ ಹನ್ನೊಂದು ವರ್ಷದಿಂದ ಆಯಾ. ಬೆಳಿಗ್ಗೆ ವ್ಯಾನಿನಿಂದ ಇಳಿಸಿಕೊಳ್ಳುವುದು, ಅಳುವವರನ್ನು ಸೊಂಟಕ್ಕೆ ಏರಿಸಿಕೊಳ್ಳುವುದು, ಮೂಗು ಒರೆಸುವುದು, ಊಟದ ಡಬ್ಬಿ ಬಿಚ್ಚಿಕೊಡುವುದು, ಚಡ್ಡಿ ಒದ್ದೆಯಾದರೆ ಗದರದೆ ಬದಲಿಸುವುದು, ಎಲ್ಲ ಅವಳ ಪಾಲಿನದು. ಮಕ್ಕಳು ಅವಳನ್ನು ಆಯಮ್ಮ ಎನ್ನುತ್ತವೆ. ಶಾಲೆಯ ಬಣ್ಣದ ಪುಸ್ತಕದಲ್ಲಿ ಎಲ್ಲ ಮಿಸ್ಸುಗಳ ಫೋಟೋ ಇದೆ, ಸೆಕ್ರೆಟರಿ ಜಯಕುಮಾರ್ ಅವರದು ಮೂರು ಇದೆ. ಆಯಮ್ಮನದು ಇಲ್ಲ.

ತಿಮ್ಮಮ್ಮನಿಗೆ ಐವತ್ತಮೂರು ವರ್ಷ, ಮತ್ತು ಕೋಪ ಜಾಸ್ತಿ. ಗಂಡ ಚಿಕ್ಕಯ್ಯ, “ನಿನ್ ಕೋಪ ಮೂಗಿನ ತುದೀಲೇ ಕುಂತಿರ್ತದೆ ಕಣಮ್ಮಿ” ಎಂದು ಆಗಾಗ ಹೇಳುತ್ತಾನೆ. ಅದಕ್ಕೆ ಅವಳು, “ಕೋಪ ಬರೋ ಅಂತದ್ನ ಮಾಡುದ್ರೆ ಕೋಪ ಬರ್ದೆ ಸಂತೋಸ ಬಂದಾತಾ?” ಎಂದು ಬಾಯಿ ಮುಚ್ಚಿಸುತ್ತಾಳೆ. ನ್ಯಾಯವಾಗಿ ನೋಡಿದರೆ ಅವಳು ಹೇಳುವುದೇ ಸರಿ.

ಅವರದು ಕುರಿ ಸಾಕುವ ಮನೆ. ಹುಟ್ಟಿದ ಮರಿಯನ್ನು ಎಳೆಯದಾಗಿರುವಾಗ ಬಿದಿರಿನ ಮಂಕರಿಯ ಕೆಳಗೆ ಮುಚ್ಚಿಟ್ಟು ಕಾಪಾಡುತ್ತಾರೆ. ಮೇಯುವಷ್ಟು ದೊಡ್ಡದಾದ ಮೇಲೂ ಅದನ್ನು ಒಂದೇ ದಿನಕ್ಕೆ ಹಿಂಡಿಗೆ ತಳ್ಳುವುದಿಲ್ಲ. ಹೋದ ಸಲದ್ದು, ದಾರಿ ಬಲ್ಲ ಒಂದು ಮರಿಯನ್ನು ಜೊತೆಗೆ ಬಿಡುತ್ತಾರೆ. ಮೊದಲ ದಿನ ಬೇಲಿಯ ತನಕ, ಮಾರನೆಯ ದಿನ ಹಳ್ಳದ ತನಕ, ವಾರವಾದ ಮೇಲೆ ಗುಡ್ಡಕ್ಕೆ. ಹಾಗೆ ಮಾಡದಿದ್ದರೆ ಮರಿ ಹಿಂಡಿನ ಕಾಲ್ತುಳಿತಕ್ಕೆ ಸಿಕ್ಕುತ್ತದೆ, ಇಲ್ಲವೇ ಬೆದರಿ ಎಲ್ಲೋ ಪೊದೆಯಲ್ಲಿ ಕುಳಿತುಬಿಡುತ್ತದೆ. ಇದು ಅಕ್ಷರ ಬಾರದ ಚಿಕ್ಕಯ್ಯನಿಗೂ ಗೊತ್ತು. ಎಂಟೆಂಟು ಡಿಗ್ರಿ ಗೋಡೆಗೆ ತೂಗುಹಾಕಿರುವ ಶಾಲೆಗೆ ಗೊತ್ತಿಲ್ಲ ಎಂಬುದೇ ತಿಮ್ಮಮ್ಮನ ಸಿಟ್ಟಿನ ಮೂಲ.

ಏಕೆಂದರೆ ಹೋದ ವರ್ಷದ ಜೂನ್ ಅವಳಿಗೆ ಮರೆತಿಲ್ಲ. ಯುಕೆಜಿ ಇರುವುದು ಕೆಳಗೆ, ಒಂದನೇ ಕ್ಲಾಸು ಇರುವುದು ಮಹಡಿಯ ಮೇಲೆ. ಮಾರ್ಚಿಯ ತನಕ ಕೆಳಗೆ ಆಯಮ್ಮನ ಸೆರಗು ಹಿಡಿದು ಓಡಾಡಿದ ಮಕ್ಕಳನ್ನು ಜೂನ್ ಒಂದರಂದು ಸಾಲು ನಿಲ್ಲಿಸಿ ಮೇಲಕ್ಕೆ ಕಳಿಸಿಬಿಟ್ಟರು. ಮೇಲೆ ಹೊಸ ಮಿಸ್ಸು, ಹೊಸ ಬೆಂಚು, ಹೊಸ ಗದರಿಕೆ. ಮಹೀನ್ ಎಂಬ ಹುಡುಗ ಇದ್ದ, ಕೆಳಗಿದ್ದಾಗ ಬಲು ಚೂಟಿ. ಮೇಲೆ ಉಚ್ಚೆಗೆ ಹೋಗಬೇಕಾದರೆ ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಹೇಳಿ ಕೇಳಬೇಕಿತ್ತು. ಆ ವಾಕ್ಯ ಅವನ ಬಾಯಿಗೆ ಬರಲಿಲ್ಲ. ಬೆಳಿಗ್ಗೆಯಿಂದ ಸಂಜೆಯ ತನಕ ಕಟ್ಟಿಕೊಂಡು ಕುಳಿತ, ಮೂರು ದಿನ ಹಾಗೇ ಮಾಡಿದ, ನಾಲ್ಕನೆಯ ದಿನ ಜ್ವರ ಏರಿ ಆಸ್ಪತ್ರೆ ಸೇರಿದ. ಎರಡು ವಾರ ಆದ ಮೇಲೆ ಬಂದವನು ಮೆಟ್ಟಿಲು ಹತ್ತಲೊಲ್ಲದೆ ಆಯಮ್ಮನ ಕಾಲು ತಬ್ಬಿಕೊಂಡ. “ಅಡ್ಜಸ್ಟ್ ಆಗ್ತಾನೆ ಬಿಡಿ,” ಎಂದರು ಸೆಕ್ರೆಟರಿ. ಆರು ವರ್ಷದ ಕೂಸು ಅಡ್ಜಸ್ಟ್ ಆಗಬೇಕಂತೆ, ಇವರ ಶಾಲೆ ಆಗಬಾರದಂತೆ.

ಅದಕ್ಕೇ ಈ ವರ್ಷ ಜನವರಿ ಕಳೆಯುತ್ತಲೇ ತಿಮ್ಮಮ್ಮ ಯಾರನ್ನೂ ಕೇಳದೆ ತನ್ನ ಮನೆಯ ವಿದ್ಯೆಯನ್ನು ಶಾಲೆಗೆ ತಂದಳು. ಊಟದ ಬಿಡುವಿನಲ್ಲಿ ಯುಕೆಜಿಯ ಒಂದೊಂದು ಮಗುವಿಗೂ ಒಂದನೇ ಕ್ಲಾಸಿನ ಒಬ್ಬರನ್ನು ಜೊತೆ ಮಾಡಿ, ಒಂದು ದಿನಕ್ಕೆ ನಾಲ್ಕು ಜೋಡಿಯಂತೆ ಮೇಲಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಮೊದಲ ದಿನ ಮೆಟ್ಟಿಲು ಮತ್ತು ವರಾಂಡ. ಎರಡನೆಯ ದಿನ ಕಟ್ಟಡದ ಹಿಂದಿನ ಕಕ್ಕಸಿನ ದಾರಿ. ಮೂರನೆಯ ದಿನ ಬೆಂಚಿನ ಮೇಲೆ ಕೂರುವುದು. ಯುಕೆಜಿಯ ನಯನಾ ಮಿಸ್ಸು ಇದನ್ನು ಕಂಡೂ ಕಾಣದ ಹಾಗೆ ಇದ್ದರು. ಇಪ್ಪತ್ನಾಲ್ಕರ ಹುಡುಗಿ, ಮನಸ್ಸು ಒಳ್ಳೆಯದು, ಸೆಕ್ರೆಟರಿಯನ್ನು ಕಂಡರೆ ಮಾತ್ರ ಕೈಕಾಲು ತಣ್ಣಗೆ.

ಸಿಂಧುವಿನ ಸರದಿ ಬಂದದ್ದು ಕೊನೆಗೆ. ಈ ಸಿಂಧು ರೇಷ್ಮೆಹುಳು ಸಾಕುವ ಚಿಕ್ಕರಾಜುವಿನ ಮಗಳು. ಮನೆಯಲ್ಲಿ ಪಟಪಟನೆ ಮಾತಾಡುತ್ತಾಳೆ, ಆಯಮ್ಮನ ಕಿವಿಯಲ್ಲೂ ಮಾತಾಡುತ್ತಾಳೆ. ಕ್ಲಾಸಿನೊಳಗೆ ಕಾಲಿಟ್ಟರೆ ಬಾಯಿಗೆ ಬೀಗ. ಎರಡು ವರ್ಷದಲ್ಲಿ ಒಬ್ಬ ಮಿಸ್ಸೂ ಅವಳ ದನಿ ಕೇಳಿರಲಿಲ್ಲ. ಒಂದನೇ ಕ್ಲಾಸಿನ ಅಮೂಲ್ಯಳ ಕೈ ಹಿಡಿದು ಅವಳು ಮೆಟ್ಟಿಲು ಹತ್ತಿದಳು, ವರಾಂಡ ನೋಡಿದಳು. ವರಾಂಡದ ತುದಿಯಲ್ಲಿ ಹೊಳೆಯುವ ಟೈಲ್ಸ್ ಹಾಕಿದ ಹೊಸ ಶೌಚಾಲಯ ಇದೆ. ಅದರ ಬಾಗಿಲಿಗೆ ಅಂಗೈ ಅಗಲದ ಬೀಗ.

“ಇದ್ಕ್ಯಾಕೆ ಬೀಗ ಆಯಮ್ಮ?”

“ದೊಡ್ಡೋರು ಬಂದಾಗ ತೆಗೀತಾರೆ ಮಗ. ನಿಮ್ದು ಹಿಂದ್ಗಡೆ ಐತೆ. ನಾಳೀಕೆ ತೋರಿಸ್ತೀನಿ.”

ಆ ನಾಳೆ ಬರಲಿಲ್ಲ. ಮಾರನೆಯ ದಿನದಿಂದ ಗ್ರಾಜುಯೇಷನ್ ಡೇಗೆ ರಿಹರ್ಸಲ್ ಶುರುವಾಯಿತು. ಊಟದ ಬಿಡುವಿನಲ್ಲೂ ಡ್ಯಾನ್ಸು. ಯುಕೆಜಿ ಮುಗಿಸಿದ ಮಕ್ಕಳಿಗೆ ಬೆಂಗಳೂರಿನಿಂದ ಕಪ್ಪು ಗೌನು, ಕುಚ್ಚಿನ ಟೋಪಿ ತರಿಸುತ್ತಾರೆ. ಕ ಕಾ ಕಿ ಕೀ ಇನ್ನೂ ತಡವರಿಸುವ ಕೂಸುಗಳಿಗೆ ವಕೀಲರ ವೇಷ ಹಾಕಿ, ಟೋಪಿ ಮೇಲಕ್ಕೆ ಎಸೆಯುವುದನ್ನು ಹದಿನೈದು ದಿನ ಅಭ್ಯಾಸ ಮಾಡಿಸಿದರು. ಮೇಲಿನ ಮೆಟ್ಟಿಲನ್ನು ಹತ್ತಿಸಲು ಹತ್ತು ನಿಮಿಷ ಸಿಗಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಆ ಗಲಾಟೆಯ ನಡುವೆ ಒಂದು ಬಣ್ಣದ ಹಾಳೆ ಬಂತು. ‘ನನ್ನ ವರ್ಷ’ ಎಂದು ಇಂಗ್ಲಿಷಿನಲ್ಲಿ ತಲೆಬರಹ, ಕೆಳಗೆ ನಾಲ್ಕು ಪ್ರಶ್ನೆ, ಪ್ರತಿ ಪ್ರಶ್ನೆಯ ಕೆಳಗೆ ಖಾಲಿ ಚೌಕ. ಮಗು ಕಳೆದ ವರ್ಷವನ್ನು ನೆನೆದು, ತನಗೆ ತೋಚಿದ್ದನ್ನು ಬರೆಯಬೇಕು ಇಲ್ಲವೇ ಬಿಡಿಸಬೇಕು ಎಂದು ಹಾಳೆಯ ತಲೆಯ ಮೇಲೇ ಅಚ್ಚಾಗಿತ್ತು. ಹಾಳೆ ಮಾಡಿದವರು ಯಾರೋ ಪುಣ್ಯಾತ್ಮರು, ಮಕ್ಕಳ ಮನಸ್ಸು ಬಲ್ಲವರು. ಆದರೆ ಅದು ಬಂದು ಬಿದ್ದದ್ದು ಜಯಕುಮಾರರ ಮೇಜಿನ ಮೇಲೆ. “ಪೇರೆಂಟ್ಸ್ ಕೈಗೆ ಹೋಗೋ ಫೈಲು ಇದು. ಒಂದು ಸ್ಪೆಲಿಂಗ್ ತಪ್ಪಿರಬಾರದು,” ಎಂದು ಅವರು ನಯನಾ ಮಿಸ್ಸಿಗೆ ತಾಕೀತು ಮಾಡಿದರು. ನಯನಾ ಮಿಸ್ಸು ನಾಲ್ಕೂ ಉತ್ತರವನ್ನು ಬೋರ್ಡಿನ ಮೇಲೆ ದುಂಡಗೆ ಬರೆದರು. ಮಕ್ಕಳು ನಾಲಿಗೆ ಕಚ್ಚಿಕೊಂಡು ಇಳಿಸಿಕೊಂಡವು.

ಸಿಂಧು ಮಾತ್ರ ಬೋರ್ಡನ್ನು ನೋಡಲಿಲ್ಲ. ತಲೆ ತಗ್ಗಿಸಿ ನಾಲ್ಕೂ ಚೌಕದಲ್ಲಿ ಚಿತ್ರ ಬಿಡಿಸಿದಳು.

ಎರಡು ದಿನ ಬಿಟ್ಟು ಚಿಕ್ಕರಾಜುವಿಗೆ ಶಾಲೆಯಿಂದ ಕರೆ ಹೋಯಿತು. ಅವನು ಹಿಪ್ಪುನೇರಳೆ ಸೊಪ್ಪಿನ ಕಲೆ ಅಂಟಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಆಫೀಸಿನಲ್ಲಿ ನಿಂತ. ತಿಮ್ಮಮ್ಮ ಅಲ್ಲಿ ನೀರಿನ ಕ್ಯಾನು ಬದಲಿಸುತ್ತಿದ್ದಳು.

“ನೋಡಿ, ನಿಮ್ಮ ಮಗಳು ಮಾತೇ ಆಡಲ್ಲ. ಎರಡು ವರ್ಷ ಕಾದ್ವಿ. ಈಗ ಇದನ್ನೂ ಬರೆದಿಲ್ಲ, ಗೀಚಿ ಇಟ್ಟಿದ್ದಾಳೆ,” ಎಂದು ಜಯಕುಮಾರ್ ಹಾಳೆಯನ್ನು ಮೇಜಿನ ಮೇಲೆ ಜಾರಿಸಿದರು. “ಇನ್ನೊಂದು ವರ್ಷ ಯುಕೆಜಿಲೇ ಇರಲಿ. ಫಂಕ್ಷನ್ನಿಗೆ ಗೌನ್ ಬೇಡ. ಸುಮ್ಮನೆ ಕರ್ಕೊಂಡು ಬನ್ನಿ.”

ಐದೂಮುಕ್ಕಾಲು ವರ್ಷದ ಮಗುವನ್ನು ಫೇಲು ಮಾಡಿದರು! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಲಿಸಲಾರದವರು ಮಗುವನ್ನೇ ಡೊಂಕು ಎನ್ನುತ್ತಾರೆ. ಚಿಕ್ಕರಾಜು ಏನಾದರೂ ಹೇಳುತ್ತಾನೇನೋ ಎಂದು ತಿಮ್ಮಮ್ಮ ಕಾದಳು. ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ಬೆಲೆಗೆ ಗಂಟಲು ಹರಿಯುವಂತೆ ಜಗಳ ಆಡುವ ಗಂಡಸು ಇಂಗ್ಲಿಷು ಬಲ್ಲವರ ಮುಂದೆ, “ಆಯ್ತು ಸಾ, ನಿಮಗ್ಗೊತ್ತಲ್ಲ ಸಾ,” ಎಂದು ತಲೆ ತಗ್ಗಿಸಿ ಹೊರಟುಬಿಟ್ಟ. ಅವನ ಮೇಲೂ ಅವಳಿಗೆ ಸಿಟ್ಟು ಬಂತು.

ಅವಳು ಮೇಜಿನ ಮೇಲಿದ್ದ ಹಾಳೆಯನ್ನು, ಬೇಡದ ಕಾಗದವೆಂಬಂತೆ, ಎತ್ತಿಕೊಂಡು ನೇರ ನಯನಾ ಮಿಸ್ಸಿನ ಹತ್ತಿರ ಹೋದಳು.

“ಮಿಸ್ಸು, ಇದ್ರಲ್ಲಿ ಏನು ಕೇಳವ್ರೆ? ಒಸಿ ಕನ್ನಡದಲ್ಲಿ ಹೇಳಿ.”

ನಯನಾ ಮಿಸ್ಸು ಓದಿ ಹೇಳಿದರು. ಈ ವರ್ಷ ನಾನು ಏನು ಕಲಿತೆ? ನನಗೆ ಇಷ್ಟವಾದದ್ದು ಏನು? ನನ್ನ ಗೆಳೆಯ ಅಥವಾ ಗೆಳತಿ ಯಾರು? ಒಂದನೇ ಕ್ಲಾಸಿಗೆ ಹೋಗಲು ನನಗೆ ಏನು ಭಯ?

ತಿಮ್ಮಮ್ಮ ಒಂದೊಂದೇ ಚೌಕದ ಮೇಲೆ ಬೆರಳಿಟ್ಟಳು. ಮೊದಲನೆಯದರಲ್ಲಿ ಒಂದು ಷೂ, ಅದಕ್ಕೆ ಕಟ್ಟಿದ ಲೇಸು. ಡಿಸೆಂಬರಿನಲ್ಲಿ ಲೇಸು ಕಟ್ಟಲು ಕಲಿತ ದಿನ ಸಿಂಧು ಹತ್ತು ಸಲ ಬಿಚ್ಚಿ ಹತ್ತು ಸಲ ಕಟ್ಟಿದ್ದಳು. ಎರಡನೆಯದರಲ್ಲಿ ಮೈದಾನದ ಹುಣಸೆಮರ. ಮೂರನೆಯದರಲ್ಲಿ ಕೈ ಹಿಡಿದ ಇಬ್ಬರು ಹುಡುಗಿಯರು, ಒಬ್ಬಳು ಉದ್ದ, ಎರಡು ಜಡೆ. ಅದು ಅಮೂಲ್ಯ. ನಾಲ್ಕನೆಯದರಲ್ಲಿ ಮೆಟ್ಟಿಲು, ಮೆಟ್ಟಿಲ ಮೇಲೆ ಒಂದು ಬಾಗಿಲು, ಬಾಗಿಲಿಗಿಂತ ದೊಡ್ಡದಾದ ಒಂದು ಬೀಗ.

ಹಿಂದಿನ ದಾರಿಯನ್ನು ನಾಳೆ ತೋರಿಸುತ್ತೇನೆ ಎಂದದ್ದು ತಿಮ್ಮಮ್ಮನ ನೆನಪಿಗೆ ಬಂತು. ಮಗುವಿಗೆ ಗೊತ್ತಿದ್ದದ್ದು ಬೀಗ ಹಾಕಿದ ಬಾಗಿಲು ಒಂದೇ.

“ಮಿಸ್ಸು, ಮಿಕ್ಕೋರು ಏನು ಬರೆದವ್ರೆ?”

ನಯನಾ ಮಿಸ್ಸು ನೆಲ ನೋಡಿದರು. “ನಾನು ಬೋರ್ಡ್ ಮೇಲೆ ಬರೆದಿದ್ದು.”

“ಅಂದ್ರೆ ಮೂವತ್ತೆರಡು ಮಕ್ಕಳಲ್ಲಿ ಕೇಳಿದ್ದಕ್ಕೆ ಉತ್ರ ಕೊಟ್ಟೋಳು ಇವ್ಳೊಬ್ಳೇ. ಇವ್ಳೇ ಫೇಲು!”

ಹಾಳೆಯನ್ನು ಹಿಡಿದು ಅವಳು ಸೆಕ್ರೆಟರಿಯ ಬಳಿ ಹೋದಳು. ಬೀಗದ ಚಿತ್ರ ತೋರಿಸಿ ಆದದ್ದನ್ನೆಲ್ಲ ಹೇಳಿದಳು. ಜಯಕುಮಾರ್ ನಕ್ಕರು.

“ಆ ಬೀಗ ತೆಗೆದ್ರೆ ಎರಡೇ ದಿನಕ್ಕೆ ಗಬ್ಬೆಬ್ಬಿಸ್ತಾರೆ ತಿಮ್ಮಮ್ಮ. ಬರೋ ಗೆಸ್ಟ್‌ಗಳಿಗೆ ಏನು ತೋರಿಸ್ಲಿ? ನೀನು ಆಯಾ ಕೆಲಸ ಮಾಡು, ಮಿಸ್ ಕೆಲಸ ಮಿಸ್ ಮಾಡ್ತಾರೆ.”

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಬಂದಳು. ಹಾಳೆಯನ್ನು ವಾಪಸ್ಸು ಕೊಡಲಿಲ್ಲ.

ಮಾರ್ಚಿ ಕೊನೆಯ ಶನಿವಾರ ಫಂಕ್ಷನ್ನು. ಶಾಮಿಯಾನದ ಕೆಳಗೆ ತಂದೆ ತಾಯಂದಿರು. ಮುಖ್ಯ ಅತಿಥಿ ಹತ್ತಕ್ಕೆ ಬರಬೇಕಿದ್ದವರು ಹನ್ನೆರಡಾದರೂ ಬರಲಿಲ್ಲ. ಮೂವತ್ತೊಂದು ಮಕ್ಕಳು ಒಂಬತ್ತು ಗಂಟೆಯಿಂದ ಕಪ್ಪು ಗೌನಿನೊಳಗೆ ಬೇಯುತ್ತಿದ್ದವು. ಬಾಡಿಗೆ ಗೌನು ಕೊಳೆಯಾಗುತ್ತದೆಂದು ಉಚ್ಚೆಗೂ ಬಿಟ್ಟಿರಲಿಲ್ಲ. ಸಿಂಧು ಮಾಮೂಲಿ ಯೂನಿಫಾರಮ್ಮಿನಲ್ಲಿ ಆಯಮ್ಮನ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕಿವಿಯ ಹತ್ತಿರ ಬಂದು, “ನಂಗ್ಯಾಕೆ ಆ ಅಂಗಿ ಇಲ್ಲ ಆಯಮ್ಮ?” ಎಂದಳು. ತಿಮ್ಮಮ್ಮ ಎದ್ದು ನಿಂತಳು.

ಅತಿಥಿ ಬರುವ ತನಕ ಹೊತ್ತು ಹೋಗಲೆಂದು ಫೈಲುಗಳನ್ನು ಆಗಲೇ ಹಂಚಿದ್ದರು. ಮುಂದಿನ ಸಾಲಿನಲ್ಲಿ ಪುನೀತನ ತಾಯಿ ಜ್ಯೋತಿಲಕ್ಷ್ಮಿ ಇದ್ದಳು. ಅಂಚೆ ಕಚೇರಿಯಲ್ಲಿ ಕೆಲಸ, ಇಂಗ್ಲಿಷು ಬಲ್ಲವಳು.

“ಅವ್ವ, ನಿನ್ ಮಗ ಏನು ಬರೆದವ್ನೆ, ಒಸಿ ಎಲ್ಲರ್ಗೂ ಕೇಳೋ ಹಂಗೆ ಕನ್ನಡದಲ್ಲಿ ಓದ್ತೀಯಾ?”

ಜ್ಯೋತಿಲಕ್ಷ್ಮಿ ಹೆಮ್ಮೆಯಿಂದಲೇ ಶುರು ಮಾಡಿದಳು. “ನಾನು ಒಳ್ಳೆಯ ನಡತೆ ಕಲಿತೆ. ನನಗೆ ನನ್ನ ಶಾಲೆ ಇಷ್ಟ. ನನ್ನ ಆತ್ಮೀಯ ಗೆಳೆಯ ಪುನೀತ್...” ಅಲ್ಲಿಗೆ ನಿಂತಳು. “ಇದೇನು ಇವನಿಗೆ ಇವನೇ ಗೆಳೆಯ?”

ಸಾಲಿನಲ್ಲಿ ನಗೆ ಎದ್ದಿತು. ಪಕ್ಕದಲ್ಲಿದ್ದವನು ತನ್ನ ಮಗಳ ಫೈಲು ಚಾಚಿದ. “ಇದ್ರಲ್ಲೂ ನೋಡಿ ಮೇಡಂ.” ಅದರಲ್ಲೂ ಗೆಳೆಯ ಪುನೀತ್. ಮೂರನೆಯದರಲ್ಲೂ ಪುನೀತ್, ನಾಲ್ಕನೆಯದರಲ್ಲೂ ಪುನೀತ್. ಮುಂದಿನ ಬೆಂಚಿನಲ್ಲಿ ಕೂರುವವನ ಹೆಸರನ್ನು ನಯನಾ ಮಿಸ್ಸು ಉದಾಹರಣೆಗೆಂದು ಬೋರ್ಡಿನ ಮೇಲೆ ಬರೆದಿದ್ದರು, ಮೂವತ್ತೊಂದು ಮಕ್ಕಳೂ ಪುನೀತನನ್ನೇ ಗೆಳೆಯನನ್ನಾಗಿ ಮಾಡಿಕೊಂಡಿದ್ದವು. ಫೈಲು ಪರೀಕ್ಷಿಸಿ ಸಹಿ ಹಾಕಿದ್ದ ಸೆಕ್ರೆಟರಿ ಸ್ಪೆಲಿಂಗ್ ಬಿಟ್ಟು ಬೇರೆ ಏನನ್ನೂ ಓದಿರಲಿಲ್ಲ.

“ಕೊನೇದು ಓದವ್ವ,” ಎಂದಳು ತಿಮ್ಮಮ್ಮ.

“ಒಂದನೇ ಕ್ಲಾಸಿಗೆ ಹೋಗಲು ಏನು ಭಯ? ನಾನು ಏನಕ್ಕೂ ಹೆದರುವುದಿಲ್ಲ.” ಜ್ಯೋತಿಲಕ್ಷ್ಮಿಯ ಮುಖದಿಂದ ನಗೆ ಇಳಿಯಿತು. “ಇವನು ವಾರದಿಂದ ನಿದ್ದೆಯಲ್ಲಿ ಬೆಚ್ಚಿ ಬೀಳ್ತಿದ್ದಾನೆ. ಮೇಲಿನ ಮಿಸ್ ಹೊಡೀತಾರಾ ಅಂತ ದಿನಾ ಕೇಳ್ತಾನೆ. ಇದ್ಯಾರು ಬರೆಸಿದ್ದು?”

ಆಮೇಲೆ ಶಾಮಿಯಾನದಲ್ಲಿ ನಗೆ ಇರಲಿಲ್ಲ. ಒಬ್ಬಳು, ತನ್ನ ಮಗ ಜೂನ್ ಬೇಡ ಎಂದು ಅಳುತ್ತಾನೆ ಎಂದಳು. ಇನ್ನೊಬ್ಬ ಎದ್ದು ನಿಂತು, ಇದರಲ್ಲಿ ನನ್ನ ಮಗಳ ಸ್ವಂತ ಬರಹ ಎಲ್ಲಿ ಎಂದು ಕೇಳಿದ. ಜಯಕುಮಾರ್ ಮೈಕು ಹಿಡಿದು, “ಶಾಂತಿ, ಶಾಂತಿ, ಇದೊಂದು ಸಣ್ಣ ಫಾರ್ಮಾಲಿಟಿ,” ಎಂದರು. ತಿಮ್ಮಮ್ಮ ಸೊಂಟದಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಬಿಡಿಸಿ ಎತ್ತಿ ಹಿಡಿದಳು.

“ಫಾರ್ಮಾಲ್ಟಿ ಅಲ್ಲ ಸಾ. ಇದ ನೋಡಿ ಸಾ ಎಲ್ಲರೂ. ಏನು ಭಯ ಅಂತ ಕೇಳುದ್ರೆ ಈ ಮಗ ಬರೆದೈತೆ. ಮೇಲ್ಗಡೆ ಕಕ್ಕಸಿಗೆ ಬೀಗ ಅಂತ ಬರೆದೈತೆ. ಇದೊಂದೇ ನಿಜ ಹೇಳಿರೋದು. ಇದನ್ನೇ ಫೇಲ್ ಮಾಡಿ ಕೂರಿಸವ್ರೆ!”

ಎಲ್ಲರೂ ಸ್ಟೂಲಿನ ಕಡೆ ತಿರುಗಿದರು. ಹಿಂದೆ ನಿಂತಿದ್ದ ಚಿಕ್ಕರಾಜು ಸಾಲುಗಳ ನಡುವೆ ನುಗ್ಗಿ ಮುಂದೆ ಬಂದ. ಅವನದು ಈಗ ಮಾರುಕಟ್ಟೆಯ ದನಿ.

“ಸಾ, ನಮ್ಮನೇಲಿ ಹುಳ ಜ್ವರಕ್ಕೆ ಕುಂತಾಗ ಸೊಪ್ಪು ಮುಟ್ಟಾಕಿಲ್ಲ, ಅಲ್ಲಾಡಾಕಿಲ್ಲ. ಪೊರೆ ಬಿಡೋ ತನಕ ಕಾಯ್ತೀವಿ ಸಾ. ತಿನ್ನಾಕಿಲ್ಲ ಅಂತ ಯಾವನೂ ತಿಪ್ಪೆಗೆ ಎಸೆಯಾಕಿಲ್ಲ. ನನ್ ಮಗಳನ್ನ ಹಿಂದಕ್ಕೆ ಹಾಕೋದಾದ್ರೆ, ಈ ಪುನೀತನ ಗೆಳೆಯರನ್ನೂ ಎಲ್ಲಾ ಹಿಂದಕ್ಕೆ ಹಾಕಿ!”

“ಹೌದು, ಹಾಕಿ,” ಎಂದಳು ಜ್ಯೋತಿಲಕ್ಷ್ಮಿ, ಮಗನ ಫೈಲನ್ನು ಸ್ಟೇಜಿನ ಮೇಲಿಟ್ಟು. ಅವಳ ಹಿಂದೆ ಇನ್ನೊಂದು ಫೈಲು ಬಿತ್ತು, ಮತ್ತೊಂದು. ಸ್ಟೇಜಿನ ಮೂಲೆಯಲ್ಲಿ ನಿಂತಿದ್ದ ನಯನಾ ಮಿಸ್ಸು ಕಣ್ಣೊರೆಸಿಕೊಂಡು ಮೈಕಿಲ್ಲದೆಯೇ ಹೇಳಿದರು: “ಸರ್, ಬರೆಸಿದ್ದು ನಾನು. ತಪ್ಪು ನಂದು. ಸಿಂಧು ಪಾಸು ಸರ್.”

ಜಯಕುಮಾರ್ ಸುತ್ತ ನೋಡಿದರು. ಅತಿಥಿಯ ಕಾರು ಇನ್ನೇನು ಬರಬೇಕು. “ಆಯ್ತು, ಆಯ್ತು, ಒಂದನೇ ಕ್ಲಾಸಿಗೆ ಕಳಿಸೋಣ. ಎಲ್ಲ ಕೂತ್ಕೊಳಿ.”

“ಕೂರೋದು ಆಮೇಲೆ ಸಾ,” ಎಂದಳು ತಿಮ್ಮಮ್ಮ. “ಕಳ್ಸೋ ಜಾಗ ಮೊದ್ಲು ತೋರ್ಸಿ. ಬೀಗದ ಕೈ ತನ್ನಿ.”

ಅವಳು ಕಾಯಲಿಲ್ಲ. ಸಿಂಧುವಿನ ಕೈ ಹಿಡಿದು ಮೆಟ್ಟಿಲ ಕಡೆ ನಡೆದಳು. ಅವಳ ಹಿಂದೆ ಗೌನು ಎತ್ತಿ ಹಿಡಿದ ಪುನೀತ, ಅವನ ಹಿಂದೆ ಅವನ ಮೂವತ್ತು ಮಂದಿ ಗೆಳೆಯರು, ಅವರ ಹಿಂದೆ ತಾಯಂದಿರು. ಮೂರು ಗಂಟೆ ಹೊತ್ತಿನಿಂದ ತಡೆದುಕೊಂಡಿದ್ದ ಮಕ್ಕಳಿಗೆ ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ವರಾಂಡದ ತುದಿಯ ಬೀಗದ ಮುಂದೆ ಸಾಲು ನಿಂತಿತು, ಗೌನಿನೊಳಗೆ ಕಾಲು ಕಾಲು ಹೊಸೆಯುತ್ತ. ಏನಕ್ಕೂ ಹೆದರದವರೆಲ್ಲ ಅಳುವ ಮುಖ ಮಾಡಿಕೊಂಡಿದ್ದರು. ಜಯಕುಮಾರ್ ಬೀಗದ ಕೈ ಗೊಂಚಲು ಹಿಡಿದು ಬೆವರುತ್ತ ಬಂದರು, ಮೂರು ಕೈ ಹಾಕಿ ನೋಡಿ, ನಾಲ್ಕನೆಯದರಲ್ಲಿ ತೆಗೆದರು.

ತಿಮ್ಮಮ್ಮ ಸಿಂಧುವನ್ನು ಮೊದಲು ಒಳಗೆ ಬಿಟ್ಟಳು. ಹೊರಗೆ ಎಲ್ಲರೂ ಕಾದರು. ನೀರು ಬಿಟ್ಟ ಸದ್ದಾಯಿತು. ಸಿಂಧು ಒದ್ದೆ ಕೈಯಲ್ಲಿ ಹೊರಗೆ ಬಂದಳು. ಬಾಗಿಲನ್ನು ಒಂದು ಸಲ, ಸೆಕ್ರೆಟರಿಯನ್ನು ಒಂದು ಸಲ ನೋಡಿದಳು. ಹುಬ್ಬು ಗಂಟಿಕ್ಕಿ, ಮಹಡಿಯ ತುದಿಗೆ ಕೇಳುವ ಹಾಗೆ ಹೇಳಿದಳು:

“ಚಿಲಕ ಅಷ್ಟು ಮೇಲೆ ಹಾಕವ್ರೆ! ನಂಗೆ ಎಟುಕಾಕಿಲ್ಲ. ಕೆಳೀಕೆ ಹಾಕಿ.”

ಜಯಕುಮಾರ್ ಬೀಗ ಹಿಡಿದುಕೊಂಡು ನಿಂತೇ ಇದ್ದರು. ತಿಮ್ಮಮ್ಮ ಅವರ ಕಡೆ ತಿರುಗಿದಳು.

“ಕೇಳುಸ್ತಾ ಸಾ?”